ಎಂಜಿಬಿ ಓವರ್‌ಡ್ರೈವ್ ಕೈಕೊಟ್ಟರೆ: ಮೊದಲು ಮೀಟರ್ ಹಿಡಿಯಿರಿ, ಸ್ಪ್ಯಾನರ್ ಆಮೇಲೆ

ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ ಓವರ್‌ಡ್ರೈವ್ (ಗಾಡಿಯ ವೇಗ ಅಷ್ಟೇ ಇದ್ದು ಎಂಜಿನ್ ಸುತ್ತು ಇಳಿಸುವ, ಗೇರ್‌ಬಾಕ್ಸಿನ ಹಿಂದಿನ ಘಟಕ) ಕೆಲಸ ಮಾಡುತ್ತಿಲ್ಲ ಅಂದ ಕೂಡಲೇ ಬಹಳ ಜನ ಕೇಳುವ ಮೊದಲ ಪ್ರಶ್ನೆ, 'ಗೇರ್‌ಬಾಕ್ಸ್ ಇಳಿಸಬೇಕಾ?' ಎಂಬುದು. ದಯವಿಟ್ಟು ಆ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಈ ಗಾಡಿಯಲ್ಲಿ ಗೇರ್‌ಬಾಕ್ಸ್ ಒಂದನ್ನೇ ಕೆಳಗಿನಿಂದ ಬಿಚ್ಚಿ ಇಳಿಸುವುದು ಆಗದ ಕೆಲಸ. ಸಾಮಾನ್ಯವಾಗಿ ಎಂಜಿನ್ನು, ಗೇರ್‌ಬಾಕ್ಸು ಎರಡನ್ನೂ ಒಟ್ಟಿಗೆ ಮೇಲಕ್ಕೆತ್ತುತ್ತಾರೆ. ರೇಡಿಯೇಟರ್ ಬಿಚ್ಚಬೇಕು, ಎಕ್ಸಾಸ್ಟ್ ಬಿಚ್ಚಬೇಕು, ಕ್ರೇನ್ ತರಬೇಕು. ಇಷ್ಟೆಲ್ಲ ಮಾಡಿದ ಮೇಲೆ ತಪ್ಪು ಒಂದು ತುಕ್ಕು ಹಿಡಿದ ವೈರ್ ಕನೆಕ್ಟರಿನಲ್ಲಿತ್ತು ಎಂದು ಗೊತ್ತಾದರೆ ಹೇಗಾಗಬೇಡ?

ನಾನು ನೋಡಿದ ಮಟ್ಟಿಗೆ ಇಂಥ ದೂರುಗಳಲ್ಲಿ ಜಾಸ್ತಿ ಪಾಲು ಕರೆಂಟಿನದು. ಉಳಿದವುಗಳಲ್ಲಿ ದೊಡ್ಡ ಪಾಲು ಆಯಿಲಿನದು. ನಿಜವಾಗಿ ಒಳಗಿನ ಲೋಹ ಸವೆದು ಕೆಟ್ಟಿರುವುದು ಕಡಿಮೆ. ಆದ್ದರಿಂದ ಹುಡುಕುವ ಕ್ರಮ ಹೀಗಿರಲಿ: ಮೊದಲು ಆಯಿಲ್ ಮಟ್ಟ, ಆಮೇಲೆ ಕರೆಂಟು, ಆಮೇಲೆ ಫಿಲ್ಟರ್ ಮತ್ತು ವಾಲ್ವ್, ಆಮೇಲೆ ಒತ್ತಡ. ಗೇರ್‌ಬಾಕ್ಸ್ ಎತ್ತುವುದು ಕಟ್ಟಕಡೆಗೆ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಎಲ್‌ಎಚ್ ಮಾದರಿಯ ಓವರ್‌ಡ್ರೈವ್ ಬಗ್ಗೆ. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ಎಂಜಿಬಿ ತಯಾರಾಯಿತು. ಮೊದಲ ವರ್ಷಗಳ ಗಾಡಿಗಳಿಗೆ ಡಿ ಮಾದರಿಯ ಓವರ್‌ಡ್ರೈವ್ ಬರುತ್ತಿತ್ತು. ನಾಲ್ಕೂ ಗೇರಿಗೆ ಸಿಂಕ್ರೊ (ಗೇರ್ ಸಲೀಸಾಗಿ ಬೀಳಲು ನೆರವಾಗುವ ಭಾಗ) ಇರುವ ಗೇರ್‌ಬಾಕ್ಸ್ ಬಂದಾಗ, ಅಂದರೆ 1968ರ ಮಾಡೆಲ್‌ನಿಂದ, ಎಲ್‌ಎಚ್ ಬಂತು. ಎರಡೂ ಶೆಫೀಲ್ಡಿನ ಲೇಕಾಕ್ ಕಂಪನಿಯವು. ಮೂಲ ವಿನ್ಯಾಸ ಎಡ್ಗರ್ ಡಿ ನಾರ್ಮನ್‌ವಿಲ್ ಅವರದು. ಅದಕ್ಕೇ ಇವುಗಳನ್ನು ಲೇಕಾಕ್ ಡಿ ನಾರ್ಮನ್‌ವಿಲ್ ಓವರ್‌ಡ್ರೈವ್ ಎನ್ನುತ್ತಾರೆ. ಎಲ್‌ಎಚ್‌ನ ಪಕ್ಕದ ಮುಚ್ಚಳದ ಮೇಲಿನ ಪಟ್ಟಿ ಕಪ್ಪಗಿದ್ದರೆ ಅದು ಹಳೆಯದು, ನೀಲಿ ಇದ್ದರೆ 1970ರ ದಶಕದ ನಡುವಿನಿಂದ ಬಂದದ್ದು. ಸ್ಪೀಡೋಮೀಟರ್ ಗೇರ್ ಇವೆರಡಕ್ಕೂ ಬೇರೆ ಬೇರೆ. ಬಿಡಿಭಾಗ ತರಿಸುವ ಮುಂಚೆ ಈ ಬಣ್ಣ ನೋಡಿಕೊಂಡಿರಿ.

ಒಳಗೆ ಏನು ನಡೆಯುತ್ತದೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಇದು ಅರ್ಥವಾದರೆ ಮುಂದಿನ ಅರ್ಧ ಕೆಲಸ ತಾನಾಗೇ ತಿಳಿಯುತ್ತದೆ.

ಗೇರ್‌ಬಾಕ್ಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿಗೆ ಮುಂಚೆ, ಓವರ್‌ಡ್ರೈವ್ ಕೂತಿರುತ್ತದೆ. ಅದರೊಳಗೆ ನಡುವೆ ಒಂದು ಸನ್ ಗೇರ್, ಅದರ ಸುತ್ತ ಮೂರು ಪ್ಲಾನೆಟ್ ಗೇರ್, ಹೊರಗೆ ಎಲ್ಲವನ್ನೂ ಸುತ್ತುವರಿದ ಆನ್ಯುಲಸ್ ಎಂಬ ಹಲ್ಲಿನ ಬಳೆ. ಚಕ್ರಗಳಿಗೆ ಶಕ್ತಿ ಹೋಗುವುದು ಈ ಆನ್ಯುಲಸ್‌ನಿಂದ. ಇವುಗಳ ಜೊತೆಗೆ ಎರಡೂ ಮುಖಕ್ಕೆ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ಇರುವ ಒಂದು ಕೋನ್ ಕ್ಲಚ್ ಇದೆ. ಅದು ಹಿಂದಕ್ಕೆ ಸರಿದರೆ ಆನ್ಯುಲಸ್‌ಗೆ, ಮುಂದಕ್ಕೆ ಸರಿದರೆ ಹೊರಕವಚಕ್ಕೆ ಬಿಗಿದಿರುವ ಬ್ರೇಕ್ ರಿಂಗಿಗೆ, ಒಂದರೊಳಗೊಂದು ಕೂರುವ ಲೋಟಗಳ ಹಾಗೆ ಹೋಗಿ ಕಚ್ಚಿಕೊಳ್ಳುತ್ತದೆ.

ಓವರ್‌ಡ್ರೈವ್ ಆಫ್ ಇದ್ದಾಗ ಸ್ಪ್ರಿಂಗುಗಳು ಕೋನನ್ನು ಆನ್ಯುಲಸ್‌ಗೆ ಒತ್ತಿ ಹಿಡಿದಿರುತ್ತವೆ. ಎಲ್ಲವೂ ಒಂದೇ ವೇಗದಲ್ಲಿ ತಿರುಗುತ್ತವೆ. ಆನ್ ಮಾಡಿದಾಗ ಸೊಲೆನಾಯ್ಡ್ (ಕರೆಂಟ್ ಹರಿದಾಗ ಒಳಗಿನ ಪ್ಲಂಜರ್ ಎಂಬ ಕಡ್ಡಿಯನ್ನು ಚಲಿಸುವ ಸುರುಳಿ) ಒಂದು ಸಣ್ಣ ವಾಲ್ವನ್ನು ಸರಿಸುತ್ತದೆ. ಪಂಪಿನ ಆಯಿಲ್ ಒತ್ತಡ ಏರಿ, ಎರಡು ಪಿಸ್ಟನ್‌ಗಳು ಸ್ಪ್ರಿಂಗುಗಳನ್ನು ಮಣಿಸಿ ಕೋನನ್ನು ಮುಂದಕ್ಕೆ ತಳ್ಳುತ್ತವೆ. ಸನ್ ಗೇರ್ ನಿಲ್ಲುತ್ತದೆ. ಪ್ಲಾನೆಟ್‌ಗಳು ಅದರ ಸುತ್ತ ಉರುಳುತ್ತಾ ಆನ್ಯುಲಸ್ಸನ್ನು ಜಾಸ್ತಿ ವೇಗದಲ್ಲಿ ತಿರುಗಿಸುತ್ತವೆ. ಎಲ್‌ಎಚ್‌ನಲ್ಲಿ ಅನುಪಾತ 0.82. ಅಂದರೆ ಗಾಡಿಯ ವೇಗ ಅಷ್ಟೇ ಇದ್ದು ಎಂಜಿನ್ ಸುತ್ತು ನೂರಕ್ಕೆ 18ರಷ್ಟು ಇಳಿಯುತ್ತದೆ.

ಎರಡು ವಿಷಯ ಮರೆಯಬೇಡಿ. ಒಂದು, ಪಂಪನ್ನು ನಡೆಸುವುದು ಗೇರ್‌ಬಾಕ್ಸಿನ ಮೇನ್‌ಶಾಫ್ಟಿನ ಮೇಲಿರುವ ಕ್ಯಾಮ್. ಗಾಡಿ ನಿಂತಿದ್ದರೆ ಒತ್ತಡ ಹುಟ್ಟುವುದಿಲ್ಲ. ನಿಂತ ಗಾಡಿಯಲ್ಲಿ ನೀವು ಪರೀಕ್ಷಿಸಬಹುದಾದದ್ದು ಕರೆಂಟನ್ನು ಮಾತ್ರ. ಎರಡು, ಮುಂದಕ್ಕೆ ಹೋಗುವಾಗ ಎಂಜಿನ್ ಶಕ್ತಿಯನ್ನು ಒಂದೇ ದಿಕ್ಕಿಗೆ ಹಿಡಿಯುವ ರೋಲರ್ ಕ್ಲಚ್ ಕೂಡ ಸಾಗಿಸುತ್ತದೆ. ರಿವರ್ಸ್ ಮತ್ತು ಎಂಜಿನ್ ಬ್ರೇಕಿಂಗ್ ಮಾತ್ರ ಪೂರ್ತಿ ಕೋನ್ ಕ್ಲಚ್ ಮೇಲೇ ನಿಂತಿದೆ.

ಎಲ್ಲಕ್ಕಿಂತ ಮೊದಲ ಎಚ್ಚರಿಕೆ

ಓವರ್‌ಡ್ರೈವ್ ಬಿಡದೆ ಸಿಕ್ಕಿಕೊಂಡಿದೆ ಎಂಬ ಅನುಮಾನ ಬಂದರೆ ಗಾಡಿಯನ್ನು ಒಂದು ಅಡಿಯೂ ಹಿಂದಕ್ಕೆ ಓಡಿಸಬೇಡಿ, ಹಿಂದಕ್ಕೆ ತಳ್ಳಲೂ ಬೇಡಿ. ಸನ್ ಗೇರ್ ಹಿಡಿದಿರುವಾಗ ಗಾಡಿ ಹಿಂದಕ್ಕೆ ಹೋದರೆ ಆ ರೋಲರ್ ಕ್ಲಚ್ ಬಿಗಿದುಕೊಳ್ಳುತ್ತದೆ. ಗೇರುಗಳು ಒಂದು ಕಡೆ, ಕ್ಲಚ್ ಇನ್ನೊಂದು ಕಡೆ ಎಳೆದು ಒಳಗೆ ಏನಾದರೂ ಒಡೆಯುತ್ತದೆ. ಐದು ನಿಮಿಷದ ವೈರ್ ಕೆಲಸದಲ್ಲಿ ಮುಗಿಯಬೇಕಿದ್ದದ್ದು ಪೂರ್ತಿ ಓವರ್‌ಡ್ರೈವ್ ಬದಲಿಸುವಲ್ಲಿಗೆ ಹೋಗಿ ನಿಲ್ಲುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ಚಕ್ರಕ್ಕೆ ಕಟ್ಟೆ ಕೊಡಿ.

ಇನ್ನೊಂದು: ಗಾಡಿಯ ಕೆಳಗೆ ಹೋಗುವುದಿದ್ದರೆ ಜಾಕ್ ಒಂದನ್ನೇ ನಂಬಬೇಡಿ. ಆಕ್ಸಲ್ ಸ್ಟ್ಯಾಂಡ್ ಹಾಕಿಯೇ ಕೆಳಗೆ ನುಗ್ಗಿ.

ಹಂತ 1: ರಸ್ತೆಯಲ್ಲಿ ಲಕ್ಷಣ ಗುರುತಿಸಿ

'ಕೆಲಸ ಮಾಡುತ್ತಿಲ್ಲ' ಎಂದರೆ ಸಾಲದು. ಹೇಗೆ ಮಾಡುತ್ತಿಲ್ಲ ಎಂಬುದನ್ನು ಬರೆದಿಟ್ಟುಕೊಳ್ಳಿ.

ಎಂಜಿನ್, ಗೇರ್‌ಬಾಕ್ಸ್ ಎರಡೂ ಬಿಸಿಯಾಗುವಷ್ಟು ದೂರ ಓಡಿಸಿ. ಖಾಲಿ ರಸ್ತೆಯಲ್ಲಿ 4ನೇ ಗೇರಿನಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುತ್ತಾ ಟ್ಯಾಕೋಮೀಟರ್ ನೋಡಿ. ಸುಮಾರು 2800 ಸುತ್ತು ಇರುತ್ತದೆ. ಸ್ವಿಚ್ ಹಾಕಿ. ವೇಗ ಅಷ್ಟೇ ಇದ್ದು ಮುಳ್ಳು 2300ರ ಹತ್ತಿರ ಬಂದು ನಿಂತರೆ ಓವರ್‌ಡ್ರೈವ್ ಪೂರ್ತಿ ಹಿಡಿದಿದೆ. ಮುಳ್ಳು ಅಲುಗದಿದ್ದರೆ ಹಿಡಿದೇ ಇಲ್ಲ. ಮುಳ್ಳು ಇಳಿದು, ಆಕ್ಸಿಲರೇಟರ್ ಒತ್ತಿದ ಕೂಡಲೇ ವೇಗ ಏರದೆ ಸುತ್ತು ಮಾತ್ರ ಏರಿದರೆ ಜಾರುತ್ತಿದೆ.

ಜಾರುತ್ತಿದೆ ಅನ್ನಿಸಿದರೆ ಓವರ್‌ಡ್ರೈವ್ ಆಫ್ ಮಾಡಿ ಅದೇ 4ನೇ ಗೇರಿನಲ್ಲಿ ಒಮ್ಮೆ ಜೋರಾಗಿ ಒತ್ತಿ ನೋಡಿ. ಆಗಲೂ ಜಾರಿದರೆ ತಪ್ಪು ಮಾಮೂಲಿ ಕ್ಲಚ್ಚಿನದು, ಓವರ್‌ಡ್ರೈವಿನದಲ್ಲ. ಇದನ್ನು ನೋಡದೆ ಓವರ್‌ಡ್ರೈವ್ ಬಿಚ್ಚಿದವರಿದ್ದಾರೆ.

ಇನ್ನು ಕೆಲವು ಪ್ರಶ್ನೆ ಕೇಳಿಕೊಳ್ಳಿ. ತಣ್ಣಗಿದ್ದಾಗ ಹಿಡಿದು ಬಿಸಿಯಾದ ಮೇಲೆ ಬಿಡುತ್ತದೆಯೇ? 4ರಲ್ಲಿ ಹಿಡಿದು 3ರಲ್ಲಿ ಹಿಡಿಯುವುದಿಲ್ಲವೇ? ಇಲ್ಲಿ ಒಂದು ಮಾತು: 1977ರ ಆರಂಭದವರೆಗಿನ ಗಾಡಿಗಳಲ್ಲಿ ಓವರ್‌ಡ್ರೈವ್ 3 ಮತ್ತು 4ನೇ ಗೇರಿನಲ್ಲಿ ಬರುತ್ತದೆ. ಆಮೇಲಿನವುಗಳಲ್ಲಿ 4ರಲ್ಲಿ ಮಾತ್ರ. ಅಂಥ ಗಾಡಿಯಲ್ಲಿ 3ರಲ್ಲಿ ಬರದಿದ್ದರೆ ಅದು ದೋಷವಲ್ಲ. ಗೇರ್ ಲಿವರ್ ಮೇಲೆ ಕೈಯಿಟ್ಟು ಸ್ವಲ್ಪ ಒತ್ತಿದರೆ ಹಿಡಿಯುತ್ತದೆಯೇ? ಹಾಗಿದ್ದರೆ ನೇರವಾಗಿ ಹಂತ 5ಕ್ಕೆ ಹೋಗಿ.

ಹಂತ 2: ಆಯಿಲ್

ಗೇರ್‌ಬಾಕ್ಸಿಗೂ ಓವರ್‌ಡ್ರೈವಿಗೂ ಆಯಿಲ್ ಒಂದೇ. ಗಾಡಿ ಸಮತಟ್ಟಾಗಿ ನಿಂತಿರಲಿ. ನಿಮ್ಮ ಗಾಡಿಗೆ ತಕ್ಕಂತೆ ಡಿಪ್‌ಸ್ಟಿಕ್ಕಿನಲ್ಲಿ ಅಥವಾ ಗೇರ್‌ಬಾಕ್ಸಿನ ಪಕ್ಕದ ಲೆವೆಲ್ ಪ್ಲಗ್ಗಿನಲ್ಲಿ ಮಟ್ಟ ನೋಡಿ. ಮಟ್ಟ ಸ್ವಲ್ಪ ಇಳಿದರೂ ಗೇರ್‌ಬಾಕ್ಸ್ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಓವರ್‌ಡ್ರೈವ್ ಪಂಪ್ ಮಾತ್ರ ತಿರುವುಗಳಲ್ಲಿ, ಏರಿನಲ್ಲಿ ಗಾಳಿ ಎಳೆಯಲು ಶುರು ಮಾಡುತ್ತದೆ. ಓವರ್‌ಡ್ರೈವ್ ಇರುವ ನಾಲ್ಕು ಸಿಂಕ್ರೊ ಗೇರ್‌ಬಾಕ್ಸಿಗೆ ಒಟ್ಟು ಸುಮಾರು 3.4 ಲೀಟರ್ ಬೇಕು.

ಯಾವ ಆಯಿಲ್ ಎಂಬುದು ಮಟ್ಟದಷ್ಟೇ ಮುಖ್ಯ. ಇದಕ್ಕೆ ಹೇಳಿರುವುದು 20ಡಬ್ಲ್ಯು-50 ಎಂಜಿನ್ ಆಯಿಲ್. ಡಿಫರೆನ್ಷಿಯಲ್‌ಗೆ ಹಾಕುವ ಇಪಿ (ಅತಿ ಒತ್ತಡ ತಡೆಯುವ) ಗೇರ್ ಆಯಿಲ್ ಹಾಕಬಾರದು. ಘರ್ಷಣೆ ಕಡಿಮೆ ಮಾಡುತ್ತೇವೆ ಎಂದು ಬಾಟಲಿಯಲ್ಲಿ ಮಾರುವ ಸೇರ್ಪಡೆಗಳನ್ನೂ ಹಾಕಬಾರದು. ಕೋನ್ ಕ್ಲಚ್ ಬದುಕಿರುವುದೇ ಘರ್ಷಣೆಯಿಂದ ಅಲ್ವಾ? ಗಾಡಿ ಹೊಸದಾಗಿ ಕೊಂಡಿದ್ದು, ಒಳಗೆ ಯಾವ ಆಯಿಲ್ ಇದೆ ಎಂದು ಗೊತ್ತಿಲ್ಲದಿದ್ದರೆ, ಯೋಚಿಸದೆ ಪೂರ್ತಿ ಬದಲಿಸಿ. ಜಾರುತ್ತಿದ್ದ ಓವರ್‌ಡ್ರೈವ್ ಬರೀ ಆಯಿಲ್ ಬದಲಿಸಿದ್ದಕ್ಕೆ ಸರಿಹೋಗುವುದುಂಟು.

ಹಂತ 3: ಒಂದೇ ಅಳತೆ, ಅರ್ಧ ಉತ್ತರ

ಇದು ಇಡೀ ಕೆಲಸದ ಕೇಂದ್ರ. ಬೇಕಾದದ್ದು ಒಂದು ಮಲ್ಟಿಮೀಟರ್ ಮಾತ್ರ. ಅದರಲ್ಲಿ 10 ಆಂಪಿಯರ್ ರೇಂಜ್ ಇರಬೇಕು.

ಕರೆಂಟಿನ ದಾರಿ ಸರಳ. ಇಗ್ನಿಷನ್ನಿನ ಬಿಳಿ ವೈರಿನಿಂದ ಓವರ್‌ಡ್ರೈವ್ ಸ್ವಿಚ್ಚಿಗೆ, ಅಲ್ಲಿಂದ ಹಳದಿ ವೈರಿನಲ್ಲಿ ಗೇರ್‌ಬಾಕ್ಸ್ ಮೇಲಿನ ಲಾಕ್‌ಔಟ್ ಸ್ವಿಚ್ಚಿಗೆ (ಕೆಳಗಿನ ಗೇರುಗಳಲ್ಲಿ ಓವರ್‌ಡ್ರೈವ್ ತಡೆಯುವ ಸ್ವಿಚ್), ಅಲ್ಲಿಂದ ಸೊಲೆನಾಯ್ಡಿಗೆ, ಸೊಲೆನಾಯ್ಡಿನಿಂದ ಅರ್ತಿಗೆ. ಸ್ವಿಚ್ ಎಲ್ಲಿದೆ ಎಂಬುದು ವರ್ಷದ ಮೇಲೆ ಹೋಗುತ್ತದೆ. ಹಳೆಯವುಗಳಲ್ಲಿ ಡ್ಯಾಶ್‌ಬೋರ್ಡಿನ ಮೇಲೆ, ಆಮೇಲಿನವುಗಳಲ್ಲಿ ಸ್ಟೀರಿಂಗ್ ಪಕ್ಕದ ಕಡ್ಡಿಯಲ್ಲಿ, 1977ರ ಮಾಡೆಲ್‌ನಿಂದ ಗೇರ್ ಲಿವರಿನ ಗುಬುಟಿನ ಮೇಲೆ.

ಗೇರ್‌ಬಾಕ್ಸಿನ ಸಣ್ಣ ವೈರಿಂಗ್ ಮುಖ್ಯ ವೈರಿಂಗಿಗೆ ಸೇರುವ ಕಡೆ, ಎಂಜಿನ್ ಕೋಣೆಯ ಹಿಂಬದಿಯ ಗೋಡೆಯ ಹತ್ತಿರ, ಬುಲೆಟ್ ಕನೆಕ್ಟರುಗಳ (ವೈರಿನ ಗುಂಡು ತುದಿಯನ್ನು ಕೊಳವೆಗೆ ಸಿಕ್ಕಿಸುವ ಜೋಡಣೆ) ಗುಂಪು ಸಿಗುತ್ತದೆ. ಅಲ್ಲಿ ಹಳದಿ ವೈರನ್ನು ಬಿಡಿಸಿ. ಎರಡು ತುದಿಗಳ ನಡುವೆ ಮೀಟರ್ ಸೇರಿಸಿ. ಎಂಜಿನ್ ಆಫ್ ಇರಲಿ, ಇಗ್ನಿಷನ್ ಆನ್ ಮಾಡಿ, 4ನೇ ಗೇರಿಗೆ ಹಾಕಿ, ಓವರ್‌ಡ್ರೈವ್ ಸ್ವಿಚ್ ಒತ್ತಿ. ಮೀಟರ್ ನೋಡಿ. ಕೆಲಸ ಬೇಗ ಮುಗಿಸಿ, ಇಲ್ಲವೇ ಇಗ್ನಿಷನ್ ಕಾಯಿಲಿನ ವೈರ್ ಬಿಡಿಸಿಟ್ಟುಕೊಳ್ಳಿ. ಎಂಜಿನ್ ಓಡದೆ ಇಗ್ನಿಷನ್ ಆನ್ ಇದ್ದರೆ ಪಾಯಿಂಟ್ (ಡಿಸ್ಟ್ರಿಬ್ಯೂಟರಿನ ಒಳಗಿನ ಸ್ವಿಚ್) ಮುಚ್ಚಿರುವ ಗಾಡಿಯಲ್ಲಿ ಕಾಯಿಲ್ ಬಿಸಿಯಾಗುತ್ತದೆ.

ಮೀಟರ್ ಸುಮಾರು 1 ಆಂಪಿಯರ್ ತೋರಿಸಿದರೆ ಸ್ವಿಚ್ಚು, ವೈರು, ಲಾಕ್‌ಔಟ್, ಸೊಲೆನಾಯ್ಡಿನ ಸುರುಳಿ ಎಲ್ಲವೂ ಸರಿ ಇವೆ. ಕರೆಂಟನ್ನು ಮರೆತು ಹಂತ 6ಕ್ಕೆ ಹೋಗಿ.

ಸೊನ್ನೆ ತೋರಿಸಿದರೆ ದಾರಿ ಎಲ್ಲೋ ಕಡಿದಿದೆ. ಹಂತ 4.

ಹಲವು ಆಂಪಿಯರ್ ಏರಿದರೆ ಅಥವಾ ಮೀಟರಿನ ಫ್ಯೂಸ್ ಹೋದರೆ ವೈರ್ ಎಲ್ಲೋ ಸುಲಿದು ಲೋಹಕ್ಕೆ ತಾಗುತ್ತಿದೆ, ಇಲ್ಲವೇ ಸುರುಳಿ ಒಳಗೇ ಶಾರ್ಟ್ ಆಗಿದೆ. ಆ ಬಿಳಿ ವೈರಿಗೆ ಕಂಪನಿ ಫ್ಯೂಸ್ ಕೊಟ್ಟಿಲ್ಲ. ಶಾರ್ಟ್ ಆದರೆ ಇಗ್ನಿಷನ್ನಿನ ವೈರಿಂಗ್ ಸುಡುತ್ತದೆ. ತಪ್ಪು ಸರಿಪಡಿಸಿದ ಮೇಲೆ ಓವರ್‌ಡ್ರೈವಿನ ವೈರಿಗೆ ಒಂದು ಸಣ್ಣ ಇನ್‌ಲೈನ್ ಫ್ಯೂಸ್ ಹಾಕಿಬಿಡಿ. ಬೇರೆ ಯಾವ ಬದಲಾವಣೆ ಮಾಡದಿದ್ದರೂ ಇದನ್ನು ಮಾಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಮೀಟರ್ ತೆಗೆಯುವ ಮುಂಚೆ ಇನ್ನೊಂದು ಸುತ್ತು ನೋಡಿ. ಸ್ವಿಚ್ ಆನ್ ಇರುವಾಗಲೇ 1, 2, ರಿವರ್ಸ್ ಒಂದೊಂದಕ್ಕೇ ಹಾಕಿ. ಎಲ್ಲದರಲ್ಲೂ ಮೀಟರ್ ಸೊನ್ನೆಗೆ ಬರಲೇಬೇಕು. ರಿವರ್ಸಿನಲ್ಲಿ ಕರೆಂಟ್ ಹರಿದರೆ ಗಾಡಿ ಓಡಿಸಬೇಡಿ. ರಿವರ್ಸ್ ಲೈಟಿನ ಸ್ವಿಚ್ಚೂ ಅದೇ ಗೇರ್‌ಬಾಕ್ಸಿನ ಮೇಲಿದೆ. ಹಿಂದೆ ಯಾರಾದರೂ ಕೆಲಸ ಮಾಡಿದಾಗ ಎರಡರ ವೈರು ಅದಲುಬದಲಾಗಿರಬಹುದು. ಬಿಳಿ ಲೈಟು 4ನೇ ಗೇರಿನಲ್ಲಿ ಉರಿದರೆ ಇದೇ ಕಾರಣ.

ಹಂತ 4: ಕಡಿದ ಜಾಗ ಹುಡುಕುವುದು

ಇಲ್ಲಿ ಮೀಟರಿಗಿಂತ ಒಂದು ಸಣ್ಣ 12 ವೋಲ್ಟಿನ ಬಲ್ಬು ಒಳ್ಳೆಯದು. ಯಾಕೆಂದರೆ ಹತ್ತು ಎಳೆ ಕಡಿದು ಒಂದೇ ಎಳೆ ಉಳಿದಿರುವ ವೈರೂ ಮೀಟರಿಗೆ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಬಲ್ಬು ಕರೆಂಟ್ ಎಳೆಯುವುದರಿಂದ ಮಂಕಾಗಿ ಉರಿದು ನಿಜ ಹೇಳುತ್ತದೆ. ಮೀಟರೇ ಬಳಸುವುದಾದರೆ ಸೊಲೆನಾಯ್ಡ್ ಜೋಡಿಸಿಯೇ ಇರುವಾಗ ಅಳೆಯಿರಿ.

ಇದೇ ಬುಲೆಟ್ ಕನೆಕ್ಟರಿನಲ್ಲಿ, ಸ್ವಿಚ್ಚಿನ ಕಡೆಯಿಂದ ಬರುವ ಹಳದಿ ತುದಿಗೆ ಬಲ್ಬಿನ ಒಂದು ವೈರ್, ಇನ್ನೊಂದನ್ನು ಬಾಡಿಗೆ ಹಿಡಿಯಿರಿ. ಬಲ್ಬು ಉರಿಯದಿದ್ದರೆ ತಪ್ಪು ಮುಂದಿದೆ, ಅಂದರೆ ಸ್ವಿಚ್ಚಿನಲ್ಲಿ ಅಥವಾ ಅದರ ವೈರಿನಲ್ಲಿ. ಉರಿದರೆ ತಪ್ಪು ಹಿಂದಿದೆ, ಗೇರ್‌ಬಾಕ್ಸಿನ ಕಡೆ. ಒಂದೇ ಕ್ಷಣದಲ್ಲಿ ಹುಡುಕುವ ಜಾಗ ಅರ್ಧವಾಯಿತು.

ಕನೆಕ್ಟರುಗಳನ್ನೇ ಮೊದಲು ನೋಡಿ. ರಬ್ಬರ್ ತೋಳಿನ ಒಳಗಿನ ಹಿತ್ತಾಳೆ ಕೊಳವೆ ಕಪ್ಪಗಾಗಿ, ವೈರಿನ ತುದಿಯಲ್ಲಿ ಹಸಿರು ಪುಡಿ ಕಾಣುತ್ತದೆ. ಹೊರಗಿನಿಂದ ಗಟ್ಟಿಯಾಗೇ ಕೂತಿರುತ್ತದೆ. ಎಳೆದು ನೋಡದೆ ಗೊತ್ತಾಗುವುದಿಲ್ಲ. ಮರಳು ಕಾಗದದಿಂದ ಉಜ್ಜಿ ಹಾಕಿದರೆ ಸ್ವಲ್ಪ ದಿನ ನಡೆಯುತ್ತದೆ. ಹೊಸ ಕನೆಕ್ಟರ್ ಹಾಕುವುದೇ ಸರಿ.

ಇಂಗ್ಲೆಂಡಿನಲ್ಲಿರುವ ಗೆಳೆಯರೊಬ್ಬರ 1973ರ ಗಾಡಿಯಲ್ಲಿ ಓವರ್‌ಡ್ರೈವ್ ಮಳೆಗಾಲದಲ್ಲಿ ಬರುತ್ತಿರಲಿಲ್ಲ, ಒಣ ದಿನಗಳಲ್ಲಿ ಬರುತ್ತಿತ್ತು. ಒಂದು ಗ್ಯಾರೇಜು ಪೂರ್ತಿ ಓವರ್‌ಡ್ರೈವ್ ರಿಪೇರಿಗೆ ಲೆಕ್ಕ ಬರೆದುಕೊಟ್ಟಿತ್ತು. ಮೀಟರ್ ಹಾಕಿದಾಗ ಸೊನ್ನೆ. ಬಲ್ಬು ಮುಂದಿನ ಅರ್ಧ ಸರಿ ಇದೆ ಎಂದಿತು. ಕೆಳಗೆ ಹೋಗಿ ಟಾರ್ಚ್ ಹಿಡಿದು ನೋಡಿದರೆ ಬೆಲ್‌ಹೌಸಿಂಗಿಗೂ (ಕ್ಲಚ್ಚಿನ ಹೊರಕವಚ) ಟನಲ್‌ಗೂ (ಗೇರ್‌ಬಾಕ್ಸನ್ನು ಮುಚ್ಚುವ ನೆಲದ ಉಬ್ಬು) ನಡುವೆ ವೈರು ಸಿಕ್ಕಿಕೊಂಡು ಚಪ್ಪಟೆಯಾಗಿತ್ತು. ಹೊದಿಕೆ ಒಡೆದಿತ್ತು, ಒಳಗಿನ ತಾಮ್ರ ಹಸಿರಾಗಿ ಒಂದೆರಡು ಎಳೆ ಮಾತ್ರ ಉಳಿದಿದ್ದವು. ಆ ಜಾಗದಲ್ಲಿ ವೈರ್ ಸಿಕ್ಕಿಕೊಳ್ಳುವುದು ಹೊಸದೇನಲ್ಲ. ಎಂಜಿನ್ ಮತ್ತೆ ಕೂರಿಸುವಾಗ ಕ್ಲಿಪ್ಪಿಗೆ ಹಾಕುವುದನ್ನು ಮರೆತರೆ ಹೀಗೆ ಆಗುತ್ತದೆ.

ಗುಬುಟಿನ ಮೇಲೆ ಸ್ವಿಚ್ ಇರುವ ಗಾಡಿಗಳಲ್ಲಿ ವೈರು ಗೇರ್ ಲಿವರಿನ ಬುಡದಲ್ಲಿ, ಗೇರ್ ಹಾಕಿದಾಗಲೆಲ್ಲ ಬಳುಕಿ ಬಳುಕಿ, ಕಡಿಯುತ್ತದೆ. ಸ್ವಿಚ್ ಆನ್ ಮಾಡಿ ಲಿವರನ್ನು ಮೆಲ್ಲಗೆ ಅಲ್ಲಾಡಿಸಿ, ಬಲ್ಬು ಮಿಟುಕಿದರೆ ಜಾಗ ಸಿಕ್ಕಿತು.

ಅರ್ತ್ ಮರೆಯಬೇಡಿ. ಎಂಜಿನ್ನು, ಗೇರ್‌ಬಾಕ್ಸು ಎರಡೂ ರಬ್ಬರ್ ಮೇಲೆ ಕೂತಿವೆ. ಬಾಡಿಗೆ ಜೋಡಿಸುವ ಅರ್ತ್ ಪಟ್ಟಿ ಸಡಿಲವಿದ್ದರೆ ಸ್ಟಾರ್ಟರೂ ಸೋಮಾರಿಯಾಗಿ ತಿರುಗುತ್ತದೆ.

ಹಂತ 5: ಲಾಕ್‌ಔಟ್ ಸ್ವಿಚ್

1, 2 ಮತ್ತು ರಿವರ್ಸಿನಲ್ಲಿ ಓವರ್‌ಡ್ರೈವ್ ಬರದಂತೆ ತಡೆಯುವುದು ಈ ಸಣ್ಣ ಸ್ವಿಚ್. ಗೇರ್‌ಬಾಕ್ಸಿಗೆ ತಿರುಪಿನ ಹಾಗೆ ಕೂತಿರುತ್ತದೆ. 3 ಅಥವಾ 4ಕ್ಕೆ ಹಾಕಿದಾಗ ಒಳಗಿನ ಸೆಲೆಕ್ಟರ್ ಇದರ ಗುಂಡಿ ಒತ್ತುತ್ತದೆ. ಎಷ್ಟು ಆಳಕ್ಕೆ ಕೂರಬೇಕು ಎಂಬುದನ್ನು ತೆಳ್ಳನೆಯ ವಾಷರುಗಳು ನಿರ್ಧರಿಸುತ್ತವೆ. ವಾಷರ್ ಜಾಸ್ತಿಯಾದರೆ ಗುಂಡಿ ಪೂರ್ತಿ ಒತ್ತುವುದಿಲ್ಲ. ಕಡಿಮೆಯಾದರೆ ಸ್ವಿಚ್ ಜಖಂ ಆಗುತ್ತದೆ, ಇಲ್ಲವೇ ಬಿಡಬೇಕಾದಾಗ ಬಿಡುವುದಿಲ್ಲ.

ಇದರ ಗುರುತು ಸ್ಪಷ್ಟ. ಗುಂಡಿ ಬಿದ್ದ ರಸ್ತೆಯಲ್ಲಿ ಓವರ್‌ಡ್ರೈವ್ ಬಂದು ಬಂದು ಹೋಗುತ್ತದೆ. ಲಿವರನ್ನು ಕೈಯಲ್ಲಿ ಒತ್ತಿ ಹಿಡಿದರೆ ನಿಲ್ಲುತ್ತದೆ. ಒಂದು ವಾಷರ್ ತೆಗೆದು ನೋಡಿ, ಹಂತ 3ರ ಅಳತೆಯನ್ನು ಎಲ್ಲ ಗೇರಿನಲ್ಲೂ ಮತ್ತೆ ಮಾಡಿ. ಸ್ವಿಚ್ಚಿಗೆ ಕೈ ಎಟುಕುವುದು ಕಷ್ಟ. ಗೇರ್‌ಬಾಕ್ಸಿನ ಹಿಂಭಾಗಕ್ಕೆ ಜಾಕ್ ಕೊಟ್ಟು, ಅದನ್ನು ಹೊತ್ತಿರುವ ಅಡ್ಡಪಟ್ಟಿ (ಕ್ರಾಸ್‌ಮೆಂಬರ್) ಬಿಚ್ಚಿ, ನಿಧಾನವಾಗಿ ಸ್ವಲ್ಪ ಇಳಿಸಿದರೆ ಜಾಗ ಸಿಗುತ್ತದೆ.

ಲಾಕ್‌ಔಟ್ ಸ್ವಿಚ್ಚಿನ ಎರಡು ವೈರು ಸೇರಿಸಿ ಅದನ್ನು ತಪ್ಪಿಸಿ ಓಡಿಸಬಹುದಲ್ಲ ಎನ್ನುವವರಿದ್ದಾರೆ. ಬೇಡ. ಒಂದು ದಿನ ಮರೆತು ರಿವರ್ಸ್ ಹಾಕುತ್ತೀರಿ.

ಹಂತ 6: ಫಿಲ್ಟರ್ ಮತ್ತು ಸೊಲೆನಾಯ್ಡ್ ವಾಲ್ವ್

ಕರೆಂಟ್ ಸರಿ ಇದೆ, ಆಯಿಲ್ ಸರಿ ಇದೆ, ಆದರೂ ಬರುತ್ತಿಲ್ಲ. ಈಗ ಕೆಳಗೆ ಹೋಗುವ ಸಮಯ. ಗಾಡಿ ಓಡಿಸಿ ಬಂದ ಮೇಲೆ, ಕೈ ಸುಡದಷ್ಟು ಬೆಚ್ಚಗಿರುವಾಗ ಆಯಿಲ್ ಇಳಿಸಿ. ಬಿಳಿ ಟ್ರೇಯಲ್ಲಿ ಹಿಡಿದರೆ ಒಳ್ಳೆಯದು, ಆಯಿಲ್ ಬಹಳ ಹೇಳುತ್ತದೆ. ಹಿತ್ತಾಳೆ ಬಣ್ಣದ ಮಿಂಚು ಜಾಸ್ತಿ ಕಂಡರೆ ಸಿಂಕ್ರೊ ಅಥವಾ ಥ್ರಸ್ಟ್ ವಾಷರ್ ಸವೆದಿವೆ. ಕರಿ ಹುಡಿ, ನಾರಿನಂಥ ಚೂರು ಬಂದರೆ ಕೋನ್ ಕ್ಲಚ್ಚಿನ ಲೈನಿಂಗ್ ಹೋಗುತ್ತಿದೆ.

ಓವರ್‌ಡ್ರೈವಿನ ತಳದ ಪ್ಲೇಟ್ ಬಿಚ್ಚಿದರೆ ಜಾಲರಿ ಫಿಲ್ಟರ್ ಸಿಗುತ್ತದೆ. ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಅಂಟಿದ್ದರೆ ಗಾಬರಿ ಬೇಡ, ಇಷ್ಟು ವರ್ಷದ ಗಾಡಿಯಲ್ಲಿ ಅದು ಸಹಜ. ಬೆರಳಿಗೆ ಸಿಗುವಷ್ಟು ದಪ್ಪ ಚೂರು ಇದ್ದರೆ ಮಾತ್ರ ಚಿಂತೆ. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ ಹಾಕಿ. ಬಟ್ಟೆಯಿಂದ ಒರೆಸಬೇಡಿ. ಬಟ್ಟೆಯ ಒಂದು ನೂಲು ವಾಲ್ವಿನ ರಂಧ್ರ ಮುಚ್ಚಲು ಸಾಕು. ಗ್ಯಾಸ್ಕೆಟ್ ಹೊಸದಿರಲಿ.

ಸೊಲೆನಾಯ್ಡ್ ಮತ್ತು ಅದರ ವಾಲ್ವ್ ಪಕ್ಕದ ಲೇಬಲ್ ಮುಚ್ಚಳದ ಹಿಂದಿವೆ. ಗೇರ್‌ಬಾಕ್ಸ್ ಗಾಡಿಯಲ್ಲೇ ಇರುವಾಗ ತೆಗೆಯಬಹುದು. ಎಲ್‌ಎಚ್‌ನ ದೊಡ್ಡ ಅನುಕೂಲ ಇದು. ವಾಲ್ವಿನ ಮೇಲಿನ ಓ-ರಿಂಗುಗಳನ್ನು (ಸೋರಿಕೆ ತಡೆಯುವ ರಬ್ಬರ್ ಉಂಗುರ) ಉಗುರಿನಿಂದ ಒತ್ತಿ ನೋಡಿ. ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ, ಚಪ್ಪಟೆಯಾಗಿದ್ದರೆ ಅವೇ ಒತ್ತಡ ಸೋರಿಸುತ್ತಿವೆ. ತಣ್ಣಗಿದ್ದಾಗ ಹಿಡಿದು ಬಿಸಿಯಾದಾಗ ಬಿಡುವ ಓವರ್‌ಡ್ರೈವಿನಲ್ಲಿ ನಾನು ಮೊದಲು ಅನುಮಾನಿಸುವುದು ಇವನ್ನೇ. ಬಿಸಿ ಆಯಿಲ್ ತೆಳ್ಳಗಾಗುತ್ತದೆ, ಸಣ್ಣ ಸಂದಿಯಲ್ಲೂ ಜಾರಿಹೋಗುತ್ತದೆ. ವಾಲ್ವನ್ನು ಸೀಮೆಎಣ್ಣೆಯಲ್ಲಿ ತೊಳೆದು ರಂಧ್ರಗಳಿಗೆ ಗಾಳಿ ಊದಿ. ಹೊಸ ಓ-ರಿಂಗಿಗೆ ಆಯಿಲ್ ಸವರಿ ಕೂರಿಸಿ. ಹೊರಗಿರುವಾಗಲೇ ಸೊಲೆನಾಯ್ಡಿಗೆ ಬ್ಯಾಟರಿ ಕೊಟ್ಟು ಪ್ಲಂಜರ್ ಚುರುಕಾಗಿ ಚಲಿಸುತ್ತದೆಯೇ ನೋಡಿ.

ಬಿಸಿಯಾದಾಗ ಮಾತ್ರ ಸುರುಳಿ ಕಡಿಯುವ ಸೊಲೆನಾಯ್ಡೂ ಇರುತ್ತದೆ. ಬಿಟ್ಟ ಕೂಡಲೇ ಗಾಡಿ ನಿಲ್ಲಿಸಿ ಹಂತ 3ರ ಅಳತೆ ಮತ್ತೆ ಮಾಡಿದರೆ ತಿಳಿಯುತ್ತದೆ: ಆಗಲೂ 1 ಆಂಪಿಯರ್ ಇದ್ದರೆ ಆಯಿಲ್ ಕಡೆ, ಸೊನ್ನೆಯಾಗಿದ್ದರೆ ಸುರುಳಿ.

ಹಂತ 7: ಒತ್ತಡ

ಇಲ್ಲಿಂದ ಮುಂದೆ ಪ್ರೆಷರ್ ಗೇಜ್ ಮತ್ತು ಸರಿಯಾದ ಅಡಾಪ್ಟರ್ ಬೇಕು. ಎಲ್‌ಎಚ್‌ನಲ್ಲಿ ಓವರ್‌ಡ್ರೈವ್ ಹಿಡಿದಾಗ ಒತ್ತಡ ಸುಮಾರು 400 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇರಬೇಕು. ಅದಕ್ಕಿಂತ ತುಂಬ ಕಡಿಮೆ ಇದ್ದರೆ ರಿಲೀಫ್ ವಾಲ್ವ್ (ಹೆಚ್ಚಾದ ಒತ್ತಡ ಬಿಡುವ ವಾಲ್ವ್) ಸಿಕ್ಕಿಕೊಂಡಿದೆ ಅಥವಾ ಅದರ ಸ್ಪ್ರಿಂಗ್ ಸೋತಿದೆ, ಪಂಪಿನ ನಾನ್-ರಿಟರ್ನ್ ವಾಲ್ವಿನ ಗೋಲಿ ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ಪಂಪೇ ಸವೆದಿದೆ. ಇವೆಲ್ಲ ತಳದಿಂದಲೇ ಎಟುಕುತ್ತವೆ. ಒತ್ತಡ ಸರಿ ಇದ್ದೂ ಜಾರಿದರೆ ಮಾತ್ರ ಲೈನಿಂಗ್ ಸವೆದಿದೆ ಎನ್ನಬಹುದು. ಹಿಂದಿನ ಚಕ್ರ ಎತ್ತಿ ಗಾಡಿ ಓಡಿಸುತ್ತಾ ಗೇಜ್ ನೋಡುವ ಕೆಲಸ ಒಬ್ಬರೇ ಮಾಡುವಂಥದ್ದಲ್ಲ. ಲಿಫ್ಟ್ ಇರುವ, ಇಂಥ ಗಾಡಿ ಬಲ್ಲ ಮೆಕ್ಯಾನಿಕ್ ಹತ್ತಿರ ಮಾಡಿಸಿ.

ಹಿಡಿದದ್ದು ಬಿಡದಿದ್ದರೆ

ಮೇಲಿನ ಎಚ್ಚರಿಕೆ ಮತ್ತೆ ನೆನಪಿಸಿಕೊಳ್ಳಿ: ರಿವರ್ಸ್ ಬೇಡ. ಹಳದಿ ವೈರನ್ನು ಬುಲೆಟ್ ಕನೆಕ್ಟರಿನಲ್ಲಿ ಬಿಡಿಸಿ ಮುಂದಕ್ಕೆ ಸ್ವಲ್ಪ ದೂರ ಓಡಿಸಿ. ಬಿಟ್ಟರೆ ಸ್ವಿಚ್ ಅಂಟಿಕೊಂಡಿತ್ತು ಅಥವಾ ವೈರಿಗೆ ಎಲ್ಲಿಂದಲೋ ಕರೆಂಟ್ ಬರುತ್ತಿತ್ತು. ಬಿಡದಿದ್ದರೆ ವಾಲ್ವ್ ಸಿಕ್ಕಿಕೊಂಡಿದೆ ಅಥವಾ ಒತ್ತಡ ಹೊರಹೋಗುವ ಸಣ್ಣ ರಂಧ್ರ ಕಟ್ಟಿದೆ. ಹಂತ 6ರ ಹಾಗೆ ತೊಳೆಯಿರಿ. ಹೊಸ ಲೈನಿಂಗ್ ಹಾಕಿದ ಓವರ್‌ಡ್ರೈವಿನಲ್ಲಿ ಕೋನ್ ಬ್ರೇಕ್ ರಿಂಗಿಗೆ ಅಂಟಿಕೊಳ್ಳುವುದೂ ಉಂಟು. ಕವಚದ ನಡುವೆ ಹೊರಗೆ ಕಾಣುವ ಬ್ರೇಕ್ ರಿಂಗಿನ ಅಂಚಿಗೆ ಸುತ್ತಲೂ ಮೆತ್ತನೆಯ ಸುತ್ತಿಗೆಯಿಂದ ತಟ್ಟಿದರೆ ಬಿಡುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಲಕ್ಷಣವಿದೆ. ಮುಂದಕ್ಕೆ ಚೆನ್ನಾಗಿ ಹೋಗುತ್ತದೆ, ಆದರೆ ರಿವರ್ಸಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಕದಲುವುದಿಲ್ಲ. ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಂಗೂ ಇಲ್ಲ. ಕೋನ್ ಆನ್ಯುಲಸ್ಸನ್ನು ಹಿಡಿಯುತ್ತಿಲ್ಲ ಎಂದರ್ಥ. ಇದಕ್ಕೆ ಮಾತ್ರ ಗೇರ್‌ಬಾಕ್ಸ್ ಎತ್ತಲೇಬೇಕಾಗಬಹುದು.

ಎತ್ತಲೇಬೇಕಾದರೆ ಮತ್ತೆ ಜೋಡಿಸುವಾಗ ಒಂದು ಕಡೆ ತಾಳ್ಮೆ ಬೇಕು. ಪ್ಲಾನೆಟ್ ಕ್ಯಾರಿಯರ್ (ಪ್ಲಾನೆಟ್ ಗೇರುಗಳನ್ನು ಹಿಡಿದಿರುವ ಚೌಕಟ್ಟು) ಮತ್ತು ರೋಲರ್ ಕ್ಲಚ್ ಎರಡರ ಒಳಹಲ್ಲುಗಳೂ ಒಂದೇ ನೇರಕ್ಕೆ ಬರಬೇಕು. ಆಗ ಮಾತ್ರ ಮೇನ್‌ಶಾಫ್ಟ್ ಒಳಹೋಗುತ್ತದೆ. ಹಳೆಯ ಮೇನ್‌ಶಾಫ್ಟಿನ ತುಂಡು ಸಿಕ್ಕರೆ ಅದನ್ನು ಹಾಕಿ ನೇರ ಮಾಡಿ, ಆಮೇಲೆ ಹಿಂದಿನ ಫ್ಲ್ಯಾಂಜ್ ತಿರುಗಿಸಬೇಡಿ. ಎರಡು ಕವಚಗಳ ನಡುವೆ ಸಂದಿ ಉಳಿದರೆ ನಟ್ ಬಿಗಿದು ಎಳೆಯಬೇಡಿ. ಬಿಚ್ಚಿ, ಮತ್ತೆ ನೇರ ಮಾಡಿ ಕೂರಿಸಿ.

ಡಿ ಮಾದರಿಯವರಿಗೆ

1967ರವರೆಗಿನ ಎಂಜಿಬಿಯ ಡಿ ಮಾದರಿಗೂ, ಹಳೆಯ ಟ್ರಯಂಫ್ ಟಿಆರ್ ಮತ್ತು ಆಸ್ಟಿನ್-ಹೀಲಿಗಳ ಎ ಮಾದರಿಗೂ ಇದೇ ಕ್ರಮ ನಡೆಯುತ್ತದೆ. ಎರಡು ವ್ಯತ್ಯಾಸ ಮಾತ್ರ ನೆನಪಿರಲಿ. ಅವುಗಳ ಸೊಲೆನಾಯ್ಡಿನಲ್ಲಿ ಎರಡು ಸುರುಳಿಗಳಿವೆ. ಎಳೆಯುವ ಕ್ಷಣದಲ್ಲಿ 15 ಆಂಪಿಯರಿಗೂ ಜಾಸ್ತಿ ಕರೆಂಟ್ ಹರಿದು, ಪ್ಲಂಜರ್ ಪೂರ್ತಿ ಒಳಹೋದ ಕೂಡಲೇ ಸುಮಾರು 1 ಆಂಪಿಯರಿಗೆ ಇಳಿಯಬೇಕು. ಇಳಿಯದಿದ್ದರೆ ಕೂಡಲೇ ಸ್ವಿಚ್ ಆಫ್ ಮಾಡಿ, ಇಲ್ಲದಿದ್ದರೆ ಸುರುಳಿ ಸುಡುತ್ತದೆ. ಈ ಅಳತೆಗೆ 10 ಆಂಪಿಯರಿನ ಮೀಟರ್ ಸಾಲದು. ಹಾಗೆಯೇ ಅವುಗಳಲ್ಲಿ ಹೊರಗೆ ಒಂದು ಲಿವರ್ ಇದೆ, ಅದರಲ್ಲಿ ಒಂದು ಸಣ್ಣ ತೂತು ಇದೆ. ಸೊಲೆನಾಯ್ಡ್ ಆನ್ ಇದ್ದಾಗ 3/16 ಇಂಚಿನ ಕಡ್ಡಿಯೊಂದು ಆ ತೂತಿನ ಮೂಲಕ ಕವಚದ ತೂತಿಗೆ ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಲಿವರ್ ಹೊಂದಿಸಿ, ಕಡ್ಡಿ ಹೊರತೆಗೆದು, ಮತ್ತೊಮ್ಮೆ ಕರೆಂಟ್ ಅಳೆಯಿರಿ.